‘ಹುಳ ಮುಟ್ಟಿದೆ’ ಎಂದರೆ ಏನೆಂದು ನನಗೆ ಯಾರೂ ಹೇಳಲಿಲ್ಲ

ಓದುಗರ ಪ್ರಶ್ನೆ, ವೈದ್ಯರ ಉತ್ತರ

ಪ್ರಶ್ನೆ: ಮಾನ್ಯರೆ, ನಾನು ಬೆಂಗಳೂರಿನಲ್ಲಿ ಹುಟ್ಟಿ ಬೆಳೆದವಳು. ಎಂ.ಬಿ.ಬಿ.ಎಸ್. ಅಂತಿಮ ಪರೀಕ್ಷೆ ಮುಗಿಸಿ ಈಗ ಹೌಸ್ ಸರ್ಜನ್ (ತರಬೇತಿ ವೈದ್ಯೆ) ಆಗಿದ್ದೇನೆ. ಕಾಲೇಜಿನ ದೊಡ್ಡ ಆಸ್ಪತ್ರೆಯಲ್ಲಿ ಜನರಲ್ ಮೆಡಿಸಿನ್ ವಿಭಾಗದ 6 ವಾರ ಮುಗಿಯುವ ಹೊತ್ತಿಗೆ ಕೆಲಸ ಕೈಹತ್ತಿತ್ತು. ರೌಂಡ್ಸ್‌ನಲ್ಲಿ ಪ್ರಾಧ್ಯಾಪಕರು ಕೇಳುವ ಮೊದಲೇ ವರದಿಗಳನ್ನು ಮುಂದಿಡುತ್ತಿದ್ದೆ, ಸ್ನಾತಕೋತ್ತರ ವಿದ್ಯಾರ್ಥಿಗಳು ನನ್ನನ್ನು ಹೆಸರು ಹಿಡಿದು ಕರೆಯುತ್ತಿದ್ದರು. ಆಮೇಲೆ ಸಮುದಾಯ ವೈದ್ಯಕೀಯ ವಿಭಾಗದ 12 ವಾರಗಳ ಪಾಳಿಯಲ್ಲಿ ನನ್ನನ್ನು ಹಾಸನ ಜಿಲ್ಲೆಯ ಮಲೆನಾಡು ಸೆರಗಿನ ಒಂದು ತಾಲ್ಲೂಕು ಆಸ್ಪತ್ರೆಗೆ ಹಾಕಿದರು. ಬಂದು ಮೂರು ವಾರವಾಯಿತು. ದಿನಾ ಬೆಳಿಗ್ಗೆ ಏಳುವಾಗಲೇ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಬಂದ ಮೊದಲ ದಿನ ನನಗೆ ಆಸ್ಪತ್ರೆಯನ್ನು ತೋರಿಸಿದವರಿಲ್ಲ. ಡ್ಯೂಟಿ ಪಟ್ಟಿ ಹಿಂದಿನ ರಾತ್ರಿ ಹತ್ತು ಗಂಟೆಗೆ ವಾಟ್ಸ್‌ಆ್ಯಪ್‌ನಲ್ಲಿ ಬರುತ್ತದೆ. 24 ಗಂಟೆ ಕ್ಯಾಶುವಾಲ್ಟಿ (ತುರ್ತು ಚಿಕಿತ್ಸಾ ವಿಭಾಗ) ಮುಗಿಸಿದ ಮರುಬೆಳಿಗ್ಗೆಯೇ ಹೊರರೋಗಿ ವಿಭಾಗದಲ್ಲಿ ಕೂರಬೇಕು. ಡ್ಯೂಟಿ ಡಾಕ್ಟರ್ ರಾತ್ರಿ ಕ್ವಾರ್ಟರ್ಸ್‌ನಲ್ಲಿರುತ್ತಾರೆ, ಬೇಕಾದರೆ ಫೋನ್ ಮಾಡಬೇಕು. ಎದೆನೋವೇ ಇಲ್ಲದವರು ಇಸಿಜಿ ಮಾಡಿ ಎಂದು ಸಾಲುಗಟ್ಟುತ್ತಾರೆ. ರೋಗಿಗಳೆಲ್ಲ ನನ್ನನ್ನು ‘ಸಿಸ್ಟರ್’ ಎನ್ನುತ್ತಾರೆ, ನಿಜವಾದ ಸಿಸ್ಟರ್ ನನ್ನ ಮಾತನ್ನು ಅರ್ಧ ಕೇಳಿಸಿಕೊಳ್ಳುತ್ತಾರೆ.

ಹೋದ ವಾರ ನಡೆದದ್ದನ್ನು ಹೇಳದೆ ಈ ಪತ್ರ ಪೂರ್ತಿಯಾಗದು. ರಾತ್ರಿ ಹನ್ನೊಂದರ ಸುಮಾರಿಗೆ ತೋಟದ ಕೆಲಸದವರೊಬ್ಬರನ್ನು ಆಟೋದಲ್ಲಿ ಕರೆತಂದರು. ಏನಾಯಿತೆಂದು ಕೇಳಿದೆ. ‘ಕಾಲಿಗೆ ಹುಳ ಮುಟ್ಟಿದೆ’ ಎಂದರು ಅವರ ಹೆಂಡತಿ. ನಾನು ಕೇಸ್‌ಶೀಟಿನಲ್ಲಿ ಕೀಟದ ಕಡಿತ ಎಂದು ಬರೆದು ಅಲರ್ಜಿಗೆ ಕೊಡುವ ಏವಿಲ್ ಇಂಜೆಕ್ಷನ್ ಹೇಳಿದೆ. ಸಿಸ್ಟರ್ ರೋಗಿಯ ಕಾಲಿಗೆ ಟಾರ್ಚ್ ಹಿಡಿದು, ಎಲ್ಲರೆದುರಿಗೆ, ‘ಡಾಕ್ಟ್ರೇ, ಹುಳ ಅಂದ್ರೆ ಹಾವು’ ಎಂದರು. ನನ್ನ ಕೈ ತಣ್ಣಗಾಯಿತು. ವಿಷ ಏರಿದೆಯೇ ಎಂದು ನೋಡುವ ರಕ್ತ ಹೆಪ್ಪುಗಟ್ಟುವ ಪರೀಕ್ಷೆಗೆ ಗಾಜಿನ ನಳಿಕೆ ಹುಡುಕಿದರೆ ಸಿಕ್ಕಿದ್ದೆಲ್ಲ ಪ್ಲಾಸ್ಟಿಕ್ಕಿನವು. ಕೊನೆಗೆ ಅವರೇ ಫ್ರಿಜ್ಜಿನ ಪಕ್ಕದ ಕಪಾಟಿನ ಕೆಳಗಿನ ಅರೆಯಿಂದ ತೆಗೆದುಕೊಟ್ಟು, ‘ಬಂದು ಹದಿನೈದು ದಿನ ಆಯ್ತಲ್ಲ’ ಎಂದರು. ರೋಗಿ ಉಳಿದರು. ಆದರೆ ಅಂದಿನಿಂದ ನನಗೆ ನಿದ್ದೆಯಿಲ್ಲ. ಆರು ವರ್ಷದ ಓದು ಎಲ್ಲಿ ಹೋಯಿತು? ಬೇರೆ ಆಸ್ಪತ್ರೆಗೆ ಹಾಕಿಕೊಡಿ ಎಂದು ಕೇಳಿಕೊಳ್ಳಲೇ?
(ಹೆಸರು ಬೇಡ, ಹಾಸನ ಜಿಲ್ಲೆ)

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿ ಎರಡು ಬಗೆಯ ದೂರುಗಳು ಒಂದರೊಳಗೊಂದು ಹೆಣೆದುಕೊಂಡಿವೆ: ಕೆಲವು ಆಸ್ಪತ್ರೆ ಉತ್ತರ ಕೊಡಬೇಕಾದವು, ಕೆಲವು ನಿಮ್ಮ ಅಭಿಮಾನಕ್ಕೆ ಬಿದ್ದ ಪೆಟ್ಟಿನವು. ಇವೆರಡನ್ನೂ ಒಟ್ಟಿಗೆ ಹೊತ್ತುಕೊಂಡಿರುವುದರಿಂದಲೇ ನಿಮಗೆ ಯಾವುದನ್ನು ಯಾರ ಬಳಿ ಹೇಳಬೇಕೆಂದು ತೋಚುತ್ತಿಲ್ಲ ಎಂದು ನನಗನ್ನಿಸುತ್ತದೆ.

ಮೊದಲು ಹುಳದ ಮಾತು. ನಮ್ಮ ಕಡೆ ರಾತ್ರಿ ಹೊತ್ತು ಹಾವಿನ ಹೆಸರೆತ್ತುವುದಿಲ್ಲ. ಹೆಸರು ಹಿಡಿದರೆ ಕರೆದಂತಾಗುತ್ತದೆ ಎಂಬ ಅಂಜಿಕೆ. ಕಚ್ಚಿತು ಎಂದೂ ಹೇಳುವುದಿಲ್ಲ, ಮುಟ್ಟಿತು ಎನ್ನುತ್ತಾರೆ. ಇದು ಯಾವ ಪಠ್ಯಪುಸ್ತಕದಲ್ಲಿಯೂ ಇಲ್ಲ, ಆದ್ದರಿಂದ ನಿಮ್ಮ ಓದು ಎಲ್ಲಿಗೂ ಹೋಗಿಲ್ಲ. ರೋಗಿಯ ಮಾತಿಗೂ ನಿಮ್ಮ ಓದಿಗೂ ನಡುವೆ ಸೇತುವೆ ಇರಲಿಲ್ಲ, ಅಷ್ಟೆ. ಇಂಥ ಮಾತುಗಳು ಇನ್ನೂ ಇವೆ, ಅವುಗಳಲ್ಲಿ ಕೆಲವನ್ನು ತಿಳಿಯದಿದ್ದರೆ ಜೀವ ಹೋದೀತು. ‘ಮಗ ಔಷಧಿ ಕುಡಿದುಬಿಟ್ಟ’ ಎಂದು ತಾಯಿ ಓಡಿಬಂದರೆ ಯಾವ ಮಾತ್ರೆ, ಎಷ್ಟು ಎಂದು ಕೇಳುತ್ತಾ ನಿಲ್ಲಬೇಡಿ: ತೋಟ ಗದ್ದೆಗಳ ಊರಿನಲ್ಲಿ ಔಷಧಿ ಎಂದರೆ ಗಿಡಕ್ಕೆ ಹೊಡೆಯುವ ಔಷಧಿ. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿದೆಯೇ, ಬಾಯಲ್ಲಿ ನೊರೆಯಿದೆಯೇ, ಮೈ ಬೆವರಿದೆಯೇ ಎಂದು ನೋಡಿ, ಆ ವಿಷಕ್ಕೆ ಪ್ರತಿಮದ್ದಾದ ಅಟ್ರೊಪಿನ್‌ಗೆ ಕೈ ಹಾಕಬೇಕಾದ ಗಳಿಗೆ ಅದು. ‘ಮಗೂಗೆ ಅಮ್ಮ ಆಗಿದೆ’ ಎಂದರೆ ಸೀತಾಳೆ ಸಿಡುಬು. ಆ ಮನೆಯಲ್ಲಿ ಬಸುರಿ ಯಾರಾದರೂ ಇದ್ದಾರೆಯೇ ಎಂದು ಮುಂದಿನ ಪ್ರಶ್ನೆ ಕೇಳಬೇಕು. ‘ಲಕ್ವ ಹೊಡೆದಿದೆ’ ಎಂದರೆ ಎಷ್ಟು ಹೊತ್ತಾಯಿತೆಂದು ಗಡಿಯಾರ ನೋಡಬೇಕು. ‘ಹೊರಗಾಗಿಲ್ಲ’ ಎಂದು ಹೆಣ್ಣುಮಗಳೊಬ್ಬಳು ತಲೆ ತಗ್ಗಿಸಿದರೆ ಅವಳು ಮುಟ್ಟಿನ ಬಗ್ಗೆ ಹೇಳುತ್ತಿದ್ದಾಳೆ. ಇದನ್ನೆಲ್ಲ ಒಂದು ಸಣ್ಣ ಪುಸ್ತಕದಲ್ಲಿ ಬರೆದುಕೊಳ್ಳಿ. ತಪ್ಪಾಗಿ ಅರ್ಥ ಮಾಡಿಕೊಂಡದ್ದನ್ನು ಮೊದಲು ಬರೆಯಿರಿ.

ಇನ್ನು ಗಾಜಿನ ನಳಿಕೆ. ಇಪ್ಪತ್ತು ನಿಮಿಷದ ಪರೀಕ್ಷೆಗೆ ಗಾಜೇ ಬೇಕು ಎಂದು ನೀವು ಹಟ ಹಿಡಿದದ್ದು ಸರಿ. ಗಾಜಿನ ಮೈ ತಾಗಿದರೆ ರಕ್ತ ಹೆಪ್ಪುಗಟ್ಟುವ ಕ್ರಿಯೆಗೆ ಚಾಲನೆ ಸಿಗುತ್ತದೆ, ಪ್ಲಾಸ್ಟಿಕ್ ಆ ಕೆಲಸ ಮಾಡದು. ಸಾಬೂನು ಪುಡಿಯಲ್ಲಿ ತೊಳೆದ ಗಾಜೂ ಮೋಸ ಮಾಡುತ್ತದೆ. ಒಣಗಿದ, ಸ್ವಚ್ಛವಾದ ನಳಿಕೆಗೆ 2 ಮಿ.ಲೀ. ರಕ್ತ ಹಾಕಿ, 20 ನಿಮಿಷ ಅಲುಗಾಡಿಸದೆ ಇಟ್ಟು, ಆಮೇಲೆ ಒಮ್ಮೆ ಮಾತ್ರ ಬಾಗಿಸಿ ನೋಡಬೇಕು. ಆ ಇಪ್ಪತ್ತು ನಿಮಿಷ ರೋಗಿಯ ಕಡೆಯವರು ‘ಸುಮ್ಮನೆ ಇಟ್ಟುಕೊಂಡು ಕೂತಿದ್ದಾರೆ’ ಎಂದು ಕೂಗಾಡುತ್ತಾರೆ. ಮೊದಲೇ ಅವರಿಗೆ ನಳಿಕೆ ತೋರಿಸಿ, ಗಡಿಯಾರ ತೋರಿಸಿ, ಏಕೆ ಕಾಯುತ್ತಿದ್ದೇವೆಂದು ಹೇಳಿಬಿಟ್ಟರೆ ಅವರೇ ಕಾವಲು ಕೂರುತ್ತಾರೆ. ನಿಮ್ಮ ಊರಿಗೆ ಸಂಬಂಧಿಸಿದ ಇನ್ನೊಂದು ಸಂಗತಿಯೂ ಇದೆ. ನಮ್ಮ ದೇಶದಲ್ಲಿ ಸಿಗುವ ವಿಷನಿರೋಧಕ ಔಷಧವನ್ನು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕು ಹಾವುಗಳ ವಿಷದಿಂದ ತಯಾರಿಸುತ್ತಾರೆ. ಮಲೆನಾಡಿನ ಕಾಫಿ ತೋಟಗಳಲ್ಲಿ ಕಾಣುವ ಗುಳಿಮಂಡಲ ಜಾತಿಯ ಹಾವುಗಳು ಈ ನಾಲ್ಕರಲ್ಲಿ ಸೇರಿಲ್ಲ. ಅವುಗಳ ಕಡಿತಕ್ಕೆ ಈ ಔಷಧ ಕೆಲಸ ಮಾಡುವುದಿಲ್ಲವಾದ್ದರಿಂದ ಬಾವು, ರಕ್ತಸ್ರಾವ, ಮೂತ್ರಪಿಂಡ ಇವುಗಳ ಮೇಲೆ ಕಣ್ಣಿಟ್ಟು ಕಾಯಬೇಕಾಗುತ್ತದೆ. ಬೆಂಗಳೂರಿನ ದೊಡ್ಡ ವಾರ್ಡಿನಲ್ಲಿ ಈ ವಿಷಯ ಚರ್ಚೆಗೆ ಬರುವುದು ಅಪರೂಪ. ಅಂದ ಹಾಗೆ, 2024ರ ಫೆಬ್ರುವರಿಯಿಂದ ಕರ್ನಾಟಕದಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕು. ನೀವು ಮೊದಲು ಬರೆದ ‘ಕೀಟದ ಕಡಿತ’ ಹಾಗೆಯೇ ಉಳಿದಿದ್ದರೆ ಆ ಪ್ರಕರಣ ಲೆಕ್ಕಕ್ಕೇ ಸಿಗುತ್ತಿರಲಿಲ್ಲ. ಕೇಸ್‌ಶೀಟನ್ನು ಒಂದೇ ಗೆರೆ ಹೊಡೆದು ತಿದ್ದಿ, ವೇಳೆ ನಮೂದಿಸಿ ಸಹಿ ಹಾಕಿದ್ದೀರಲ್ಲವೇ?

ನನ್ನದೂ ಒಂದು ಕಥೆಯಿದೆ. ಹೌಸ್ ಸರ್ಜನ್ ಆಗಿ ಚಿಕ್ಕಮಗಳೂರು ಜಿಲ್ಲೆಯ ಒಂದು ಸಣ್ಣ ಆಸ್ಪತ್ರೆಗೆ ಹೋದ ಮೊದಲ ವಾರ, ಹೆರಿಗೆಯಾಗಿ ಮೂರು ದಿನವಾಗಿದ್ದ ಒಬ್ಬ ತಾಯಿಯನ್ನು ಮಗುವಿನ ಸಮೇತ ಸಂಜೆ ಐದು ಗಂಟೆಗೆ ಬಿಡುಗಡೆ ಮಾಡಿದೆ. ಎಲ್ಲವೂ ಸರಿಯಾಗಿತ್ತು, ಹೊಲಿಗೆ ಒಣಗಿತ್ತು, ಮಗು ಹಾಲು ಕುಡಿಯುತ್ತಿತ್ತು. ಬಿಡುಗಡೆ ಚೀಟಿಯನ್ನು ನಾನು ಎಷ್ಟು ಚೆಂದವಾಗಿ ಬರೆದಿದ್ದೆನೆಂದರೆ ಅದನ್ನು ನೋಡಿ ನನಗೇ ಖುಷಿಯಾಗಿತ್ತು. ಮರುದಿನ ಬೆಳಿಗ್ಗೆ ಬಂದರೆ ಆಕೆ ಜಗಲಿಯ ಕಂಬಕ್ಕೆ ಒರಗಿ, ಮಗುವನ್ನು ಸೆರಗಿನೊಳಗೆ ಅವುಚಿಕೊಂಡು ಕುಳಿತಿದ್ದಳು. ಮಳೆಗಾಲ. ಅವಳ ಊರಿನ ಕೊನೆಯ ಬಸ್ಸು ನಾಲ್ಕೂವರೆಗೆ ಹೋಗಿತ್ತು. ಹಾಸಿಗೆ ಬೇರೆಯವರಿಗೆ ಕೊಟ್ಟಾಗಿತ್ತು. ಆಯಾಳನ್ನು ‘ನೀನಾದರೂ ಹೇಳಬಾರದಿತ್ತೇ’ ಎಂದು ಗದರಿದೆ. ‘ನೀವು ಕೇಳ್ಲಿಲ್ಲವಲ್ಲ ಸ್ವಾಮಿ’ ಎಂದಳು. ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅವಳನ್ನು ಕೇಳಬಹುದು ಎಂಬುದೇ ನನ್ನ ತಲೆಗೆ ಹೊಳೆದಿರಲಿಲ್ಲ. ಅಂದಿನಿಂದ ಬಸ್ಸಿನ ವೇಳೆ ತಿಳಿಯದೆ ಬಿಡುಗಡೆ ಚೀಟಿಗೆ ಸಹಿ ಹಾಕಿದ್ದಿಲ್ಲ.

ನಿಮ್ಮ ಸಿಸ್ಟರ್ ಎಲ್ಲರೆದುರಿಗೆ ಹೇಳಿದ ರೀತಿ ಒರಟು. ಆದರೆ ಅವರು ಆ ಹೊತ್ತಿಗೆ ಬಾಯಿ ಮುಚ್ಚಿಕೊಂಡಿದ್ದಿದ್ದರೆ ಇವತ್ತು ನೀವು ಬೇರೆಯೇ ಪತ್ರ ಬರೆಯುತ್ತಿದ್ದಿರಿ. ಮುಂದಿನ ರಾತ್ರಿ ಡ್ಯೂಟಿಯಲ್ಲಿ ಕೆಲಸ ಕಡಿಮೆಯಿದ್ದಾಗ ಅವರ ಬಳಿ ಹೋಗಿ, ‘ಸಿಸ್ಟರ್, ಎಮರ್ಜೆನ್ಸಿ ಟ್ರೇಯಲ್ಲಿ ಏನೇನಿದೆ ಒಂದು ಸಲ ತೋರಿಸಿ’ ಎಂದು ಕೇಳಿ. ಆಮ್ಲಜನಕ ಸಿಲಿಂಡರ್ ತೆರೆಯುವ ಸ್ಪ್ಯಾನರ್ ಎಲ್ಲಿ ನೇತುಹಾಕಿದ್ದಾರೆ, ವಿಷನಿರೋಧಕದ ವೈಲುಗಳು ಎಷ್ಟು ಉಳಿದಿವೆ, ಔಷಧ ಉಗ್ರಾಣದ ಬೀಗದ ಕೈ ರಾತ್ರಿ ಯಾರ ಬಳಿ ಇರುತ್ತದೆ, ಕರೆಂಟು ಹೋದರೆ ಸಕ್ಷನ್ ಯಂತ್ರ ನಡೆಯುತ್ತದೆಯೇ, ಇಷ್ಟನ್ನು ಕೈಯಿಂದ ಮುಟ್ಟಿ ನೋಡಿ. ಅರ್ಧ ಗಂಟೆಯ ಕೆಲಸ. ಇದನ್ನು ಮೊದಲ ದಿನವೇ ನಿಮಗೆ ತೋರಿಸಬೇಕಾದದ್ದು ಆಸ್ಪತ್ರೆಯ ಕರ್ತವ್ಯವಾಗಿತ್ತು ಎಂಬುದರಲ್ಲಿ ಎರಡು ಮಾತಿಲ್ಲ. ತೋರಿಸಲಿಲ್ಲವೆಂದು ಇಪ್ಪತ್ತೊಂದು ದಿನ ಕಾದದ್ದು ಮಾತ್ರ ನಿಮ್ಮ ಪಾಲಿನದು.

ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ನಿಜವಾಗಿ ಕಳವಳಕ್ಕೆ ಈಡುಮಾಡಿದ ಸಾಲು, ನೀವು ಹೋಗುತ್ತಾ ಹೋಗುತ್ತಾ ಬರೆದುಬಿಟ್ಟ ಸಾಲು: ಡ್ಯೂಟಿ ಡಾಕ್ಟರ್ ಕ್ವಾರ್ಟರ್ಸ್‌ನಲ್ಲಿರುತ್ತಾರೆ ಎಂಬುದು. ಹೌಸ್ ಸರ್ಜನ್‌ಗೆ ಇರುವುದು ತಾತ್ಕಾಲಿಕ ನೋಂದಣಿ. ಮೇಲ್ವಿಚಾರಣೆಯಲ್ಲಿ ಕೆಲಸ ಕಲಿಯುವುದಕ್ಕೆ ಅದನ್ನು ಕೊಟ್ಟಿರುತ್ತಾರೆಯೇ ಹೊರತು ಒಬ್ಬರೇ ಕ್ಯಾಶುವಾಲ್ಟಿ ನಡೆಸುವುದಕ್ಕಲ್ಲ. ಹಾವು ಕಡಿತ, ವಿಷ ಸೇವನೆ, ಎದೆನೋವು, ಅಪಘಾತ, ಹೆರಿಗೆ ನೋವು, ಉಸಿರಾಟದ ತೊಂದರೆಯ ಮಗು ಬಂದಾಗ ಫೋನ್ ಮಾಡಿ ‘ಸರ್, ಬನ್ನಿ’ ಎನ್ನುವುದಕ್ಕೆ ನೀವು ಸಂಕೋಚಪಡಬೇಕಾಗಿಲ್ಲ. ‘ಏನು ಮಾಡಲಿ ಸರ್’ ಎಂದು ಕೇಳಿದರೆ ಫೋನಿನಲ್ಲೇ ಉತ್ತರ ಬರುತ್ತದೆ. ‘ಬನ್ನಿ’ ಎಂದರೆ ಬರಬೇಕಾಗುತ್ತದೆ. ಕರೆ ಮಾಡಿದ ವೇಳೆ, ಅವರು ಹೇಳಿದ ಸಲಹೆ, ಅವರು ಬಂದ ವೇಳೆ ಈ ಮೂರನ್ನೂ ಕೇಸ್‌ಶೀಟಿನಲ್ಲಿ ಬರೆಯಿರಿ. ಸಿಟ್ಟಿನಿಂದ ಬರೆಯಬೇಡಿ, ನಾಡಿ ಬಡಿತ ಬರೆದಷ್ಟೇ ತಣ್ಣಗೆ ಬರೆಯಿರಿ. ಕಾನೂನಿಗೆ ಸಂಬಂಧಪಟ್ಟ ಪ್ರಕರಣಗಳ ಕಾಗದಗಳಿಗಾಗಲಿ ಮರಣ ಪ್ರಮಾಣಪತ್ರಕ್ಕಾಗಲಿ ನೀವೇ ಸಹಿ ಹಾಕಿಬಿಡಿ ಎಂದು ಯಾರು ಹೇಳಿದರೂ, ವಿನಯವಾಗಿಯೇ, ಹಾಕಬೇಡಿ. ಇದೇ ವಿಷಯವನ್ನು ನಿಮ್ಮ ಕಾಲೇಜಿನ ಸಮುದಾಯ ವೈದ್ಯಕೀಯ ವಿಭಾಗದ ಮುಖ್ಯಸ್ಥರಿಗೆ ಒಂದು ಪುಟದ ಪತ್ರದಲ್ಲಿ ತಿಳಿಸಿ, ಪ್ರತಿಯನ್ನು ಆಸ್ಪತ್ರೆಯ ಆಡಳಿತ ವೈದ್ಯಾಧಿಕಾರಿಗಳಿಗೆ ಕೊಡಿ. ಆ ಪತ್ರದಲ್ಲಿ ಸಿಸ್ಟರ್ ಬೈದದ್ದು, ರೋಗಿಗಳು ನಿಮ್ಮನ್ನು ಸಿಸ್ಟರ್ ಎಂದದ್ದು ಬೇಡ. ಅವು ಬಂದರೆ ಓದುವವರು ಅವನ್ನಷ್ಟೇ ಓದಿ, ಮುಖ್ಯವಾದದ್ದನ್ನು ಬಿಡುತ್ತಾರೆ. (ನನ್ನನ್ನು ಮೊದಲ ಎರಡು ವರ್ಷ ಎಲ್ಲರೂ ಕಾಂಪೌಂಡರ್ ಎಂದೇ ಕರೆಯುತ್ತಿದ್ದರು. ಅದರಿಂದ ಯಾರ ಜ್ವರವೂ ಏರಲಿಲ್ಲ.)

ಕೆಲಸದ ಅವಧಿಯ ವಿಚಾರವನ್ನೂ ಅದೇ ಪತ್ರದಲ್ಲಿ ಸೇರಿಸಬಹುದು. ನಿವಾಸಿ ವೈದ್ಯರ (ಆಸ್ಪತ್ರೆಯಲ್ಲಿ ದುಡಿಯುತ್ತಲೇ ಮೇಲಿನ ತರಬೇತಿ ಪಡೆಯುವ ರೆಸಿಡೆಂಟ್ ಡಾಕ್ಟರುಗಳ) ಬಗ್ಗೆ ಕೇಂದ್ರ ಸರ್ಕಾರ 1992ರಲ್ಲೇ ಹೊರಡಿಸಿದ ನಿರ್ದೇಶನದಲ್ಲಿ ವಾರಕ್ಕೆ 48 ಗಂಟೆ, ಸಾಮಾನ್ಯವಾಗಿ ಒಂದೇ ಸಮನೆ 12 ಗಂಟೆ ಮೀರದ ಕೆಲಸ ಎಂಬ ಮಾತಿದೆ. ಅದು ಹೌಸ್ ಸರ್ಜನ್‌ಗಳನ್ನು ಕುರಿತದ್ದಲ್ಲ, ನಿವಾಸಿ ವೈದ್ಯರಿಗೂ ಅದು ಎಷ್ಟರಮಟ್ಟಿಗೆ ದಕ್ಕಿದೆ ಎಂಬುದು ನಿಮಗೇ ಗೊತ್ತು. ಆದರೂ ಇಪ್ಪತ್ತನಾಲ್ಕು ಗಂಟೆ ಎದ್ದಿದ್ದವರನ್ನು ಮರುಬೆಳಿಗ್ಗೆ ಹೊರರೋಗಿ ವಿಭಾಗದಲ್ಲಿ ಕೂರಿಸಬಾರದೆಂದು ವಾದಿಸುವುದಕ್ಕೆ ಅದೊಂದು ಆಧಾರ. ಬೇಡಿಕೆ ಸಣ್ಣದಾಗಿರಲಿ: ರಾತ್ರಿ ಡ್ಯೂಟಿಯ ಮರುದಿನ ಬಿಡುವು, ಡ್ಯೂಟಿ ಪಟ್ಟಿ ಒಂದು ವಾರ ಮೊದಲೇ ಗೋಡೆಯ ಮೇಲೆ. ವಾಟ್ಸ್‌ಆ್ಯಪ್ ಪಟ್ಟಿಯನ್ನು ಮಧ್ಯರಾತ್ರಿ ಬದಲಿಸುವುದು ಸುಲಭ, ಗೋಡೆಗೆ ಅಂಟಿಸಿದ್ದನ್ನು ಬದಲಿಸಲು ಯಾರಾದರೂ ಎದ್ದು ಬರಬೇಕು. ವರ್ಷಕ್ಕೆ ನಿಮಗಿರುವ 15 ದಿನಗಳ ರಜೆಯಲ್ಲಿ ಒಂದೆರಡನ್ನು ಈಗಲೇ ಬಳಸಿ, ಊರಿಗೆ ಹೋಗಿ ಮಲಗಿ ಬನ್ನಿ.

ಇಸಿಜಿ ಸಾಲಿನ ಬಗ್ಗೆ ಮಾತ್ರ ನಿಮ್ಮ ಪರ ನಿಲ್ಲಲಾರೆ. 2025ರ ಬೇಸಿಗೆಯ ಕೊನೆಯಲ್ಲಿ ಹಾಸನ ಜಿಲ್ಲೆಯಲ್ಲಿ ಕೆಲವೇ ವಾರಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ, ಅವರಲ್ಲಿ ಚಿಕ್ಕ ವಯಸ್ಸಿನವರೂ, ಹೃದಯಾಘಾತದಿಂದ ತೀರಿಕೊಂಡರೆಂಬ ಸುದ್ದಿ ದಿನವೂ ಬಂತು. ಸರ್ಕಾರ ತಜ್ಞರ ಸಮಿತಿ ನೇಮಿಸಿತು, ಜನ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವವೇ ಹೋಗಿ ನಿಂತರು. ನಿಮ್ಮ ಮುಂದೆ ಸಾಲುಗಟ್ಟುವವರು ಆ ಸುದ್ದಿಯನ್ನು ಉಂಡು ಮಲಗಿದವರು. ಅವರಲ್ಲಿ ಹೆಚ್ಚಿನವರಿಗೆ ಏನೂ ಇರುವುದಿಲ್ಲ, ನಿಜ. ಆದರೆ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ತಾಲ್ಲೂಕು ಆಸ್ಪತ್ರೆಗಳಿಗೆ ಬಂದಿರುವುದೇ ಇದಕ್ಕೆ: ಇಲ್ಲಿ ತೆಗೆದ ಇಸಿಜಿಯನ್ನು ದೂರದ ಹೃದ್ರೋಗ ಕೇಂದ್ರದ ವೈದ್ಯರು ನೋಡುತ್ತಾರೆ, ಹೃದಯಾಘಾತವೆಂದು ಖಚಿತವಾದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಚುಚ್ಚುಮದ್ದನ್ನು ಇಲ್ಲೇ ಉಚಿತವಾಗಿ ಕೊಟ್ಟು ಕಳಿಸುತ್ತಾರೆ. ಹೆಪ್ಪು ಕರಗಿಸುವ ಮದ್ದಿಗೆ ನೋವು ಶುರುವಾದ 12 ಗಂಟೆಯೊಳಗಿನ ಅವಧಿ ಇದೆಯೆಂದು ಪುಸ್ತಕ ಹೇಳಿದರೂ ಮೊದಲ ಎರಡು ಮೂರು ಗಂಟೆಗಳ ಬೆಲೆ ಆಮೇಲಿನದಕ್ಕಿಲ್ಲ. ಸಾಲನ್ನು ಶಪಿಸುವ ಬದಲು ಸಾಲಿನ ಬಳಿ ನಡೆದುಹೋಗಿ ಒಮ್ಮೆ ಮುಖಗಳನ್ನು ನೋಡಿ ಬನ್ನಿ. ಬೆವರಿರುವವನನ್ನು, ಎಡಗೈ ಒತ್ತಿಕೊಳ್ಳುತ್ತಿರುವವನನ್ನು, ‘ಗ್ಯಾಸ್ ಇರ್ಬೇಕು’ ಎನ್ನುತ್ತಿರುವ ಸಕ್ಕರೆ ಕಾಯಿಲೆಯ ಹೆಂಗಸನ್ನು ಮೊದಲು ಒಳಗೆ ಕರೆಯಿರಿ. ಬಂದ ಹತ್ತು ನಿಮಿಷದೊಳಗೆ ಅವರ ಇಸಿಜಿ ಆಗಬೇಕು.

ಬೇರೆ ಆಸ್ಪತ್ರೆಗೆ ಹಾಕಿಸಿಕೊಳ್ಳಬೇಕೇ ಎಂದು ಕೇಳಿದ್ದೀರಿ. ಪತ್ರ ಬರೆದು ಹದಿನೈದು ದಿನವಾದರೂ ರಾತ್ರಿ ಮೇಲ್ವಿಚಾರಣೆ ಇಲ್ಲದಿದ್ದರೆ, ಹೌದು, ಧೈರ್ಯವಾಗಿ ಕೇಳಿ. ಅದು ಸರಿಹೋದರೆ ಇಲ್ಲೇ ಇರಿ, ಏಕೆಂದರೆ ಮುಂದಿನ ಆಸ್ಪತ್ರೆಯಲ್ಲೂ ಮೊದಲ ಮೂರು ವಾರ ಹೀಗೆಯೇ ಇರುತ್ತದೆ. ನಿದ್ದೆಯಿಲ್ಲ ಎಂದದ್ದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಇನ್ನೂ ಎರಡು ವಾರ ಹೀಗೇ ಮುಂದುವರಿದರೆ ನಿಮ್ಮ ಕಾಲೇಜಿನ ಮನೋವೈದ್ಯರನ್ನು ಕಾಣಿ. ಪರಿಚಿತರ ಬಳಿ ಹೋಗುವುದಕ್ಕೆ ಮುಜುಗರವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ನಾನು ಚಿಕ್ಕಮಗಳೂರು ಜಿಲ್ಲೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಶುಶ್ರೂಷಾಧಿಕಾರಿ. ಎರಡು ವಾರಕ್ಕೊಮ್ಮೆ ಹೊಸ ಹೌಸ್ ಸರ್ಜನ್ ಬರುತ್ತಾರೆ. ಹೇಳಿಕೊಡಲು ಹೋದರೆ ‘ಗೊತ್ತು ಸಿಸ್ಟರ್’ ಎನ್ನುತ್ತಾರೆ, ಹೇಳದಿದ್ದರೆ ಸಹಕಾರವಿಲ್ಲ ಎಂದು ದೂರು ಕೊಡುತ್ತಾರೆ. ಬೇಸಿಗೆಯಲ್ಲಿ ಜ್ವರವೆಂದು ಬಂದವರಿಗೆ ‘ಕಾಡಿಗೆ ಹೋಗಿದ್ರಾ, ಉಣ್ಣೆ ಕಚ್ಚಿತ್ತಾ, ಮಂಗ ಸತ್ತಿದ್ದು ಕಂಡ್ರಾ ಅಂತ ಕೇಳಿ ಡಾಕ್ಟ್ರೇ’ ಎಂದರೆ ನಗುತ್ತಾರೆ. ನನಗೂ ಹೇಳಿ ಹೇಳಿ ಸಾಕಾಗಿದೆ. ತಪ್ಪು ನಮ್ಮದೇ?
(ಹೆಸರು ಬೇಡ, ಚಿಕ್ಕಮಗಳೂರು ಜಿಲ್ಲೆ)

ಉತ್ತರ: ಮೇಲಿನ ಪತ್ರ ಬಂದ ವಾರವೇ ನಿಮ್ಮದೂ ಬಂದದ್ದು ನನ್ನ ಅದೃಷ್ಟ. ಹೌಸ್ ಸರ್ಜನ್‌ಗಳ ತರಬೇತಿಯ 2021ರ ನಿಯಮಾವಳಿಯ ಪ್ರಕಾರ ಕಣ್ಣು, ಕಿವಿ-ಮೂಗು-ಗಂಟಲು, ಮನೋವೈದ್ಯಕೀಯ, ಅರಿವಳಿಕೆ ಮುಂತಾದ ಹಲವು ವಿಭಾಗಗಳಿಗೆ ತಲಾ ಎರಡೇ ವಾರ. ಹೀಗಾಗಿ ಒಂದೇ ವಾರ್ಡಿನಲ್ಲಿರುವ ನೀವು ವರ್ಷಕ್ಕೆ ಎಷ್ಟು ಮುಖಗಳಿಗೆ ಅದೇ ಪಾಠ ಹೇಳಬೇಕೆಂದು ಲೆಕ್ಕ ಹಾಕಿದರೆ ಸಾಕಾಗುವುದು ಸಹಜ. ‘ಗೊತ್ತು ಸಿಸ್ಟರ್’ ಎನ್ನುವ ಹುಡುಗನಿಗೆ ಗೊತ್ತಿರುವುದಿಲ್ಲ ಎಂಬುದು ನಿಮಗೂ ಗೊತ್ತು, ಅವನಿಗೂ ಗೊತ್ತು. ರೋಗಿಯ ಮುಂದೆ ಹೇಳಿದರೆ ಹಾಗೆಯೇ ಅನ್ನುತ್ತಾನೆ, ಪಕ್ಕಕ್ಕೆ ಕರೆದು ಹೇಳಿದರೆ ಹತ್ತರಲ್ಲಿ ಏಳು ಮಂದಿ ಕೇಳಿಸಿಕೊಳ್ಳುತ್ತಾರೆ ಎಂಬುದು ನನ್ನ ಅನುಭವ. ಉಣ್ಣೆಯ ಪ್ರಶ್ನೆಗೆ ನಕ್ಕವರಿಗೆ ಹೇಳಿ: ಉಣ್ಣೆ ಕಡಿತದಿಂದ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಗುರುತಾದದ್ದು ಪಕ್ಕದ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ, 2024ರಲ್ಲಿ ನಮ್ಮ ಜಿಲ್ಲೆಯಲ್ಲೂ ಜನ ಅದರಿಂದ ಮಲಗಿದರು, ಡಿಸೆಂಬರಿನಿಂದ ಮೇ ತಿಂಗಳವರೆಗೆ ಮಲೆನಾಡಿನ ಜ್ವರಕ್ಕೆ ಈ ಪ್ರಶ್ನೆ ಕೇಳದಿದ್ದರೆ ಪರೀಕ್ಷೆಯಲ್ಲೂ ಅಂಕ ಸಿಗದು.

ಇನ್ನು ಹೇಳಿ ಹೇಳಿ ಸಾಕಾದದ್ದಕ್ಕೆ. ಹಾಸನದ ಡಾಕ್ಟರಿಗೂ ಇದನ್ನೇ ಹೇಳುವವನಿದ್ದೆ, ಆದರೆ ಈ ಕೆಲಸ ನಿಮ್ಮ ಕೈಯಲ್ಲಿ ಹೆಚ್ಚು ಬಾಳುತ್ತದೆ. ಎರಡು ವಾರ ಮುಗಿಸಿ ಹೋಗುವ ಪ್ರತಿಯೊಬ್ಬ ಹೌಸ್ ಸರ್ಜನ್‌ಗೂ ಹೊರಡುವ ಹಿಂದಿನ ದಿನ ‘ಬಂದಾಗ ನಿಮಗೆ ಗೊತ್ತಿಲ್ಲದೆ ಒದ್ದಾಡಿದ್ದು ಯಾವುದು, ಬರೆದು ಹೋಗಿ’ ಎಂದು ಕೇಳಿ. ಯಾವುದು ಎಲ್ಲಿದೆ, ಯಾವ ಮಾತಿಗೆ ಏನರ್ಥ, ಕೊನೆಯ ಬಸ್ಸು ಎಷ್ಟಕ್ಕೆ, ಏನಾದರೂ ಸರಿ. ಹೋಗುವವರು ಬರೆದದ್ದನ್ನು ಬರುವವರು ಓದುತ್ತಾರೆ, ನೀವು ಹೇಳಿದರೆ ಉಪದೇಶವಾಗುವುದು ಅವರದೇ ಬ್ಯಾಚಿನವರು ಬರೆದರೆ ಗುಟ್ಟಾಗುತ್ತದೆ. ಬರೆಸುವುದನ್ನು ಬಿಡಿಹಾಳೆಯಲ್ಲಿ ಬರೆಸಬೇಡಿ, ಕಾಫಿ ಲೋಟದ ಕೆಳಗೆ ಹೋಗುತ್ತದೆ. ವಾಟ್ಸ್‌ಆ್ಯಪ್‌ನಲ್ಲೂ ಬೇಡ, ಬ್ಯಾಚು ಮುಗಿದೊಡನೆ ಗುಂಪೇ ಇರುವುದಿಲ್ಲ. ಇಂಜೆಕ್ಷನ್ ರಿಜಿಸ್ಟರಿನ ಕೊನೆಯ ನಾಲ್ಕು ಪುಟಗಳನ್ನು ಇದಕ್ಕೆಂದು ಖಾಲಿ ಬಿಟ್ಟಿಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಕುರ್ಚಿ ಕಳೆದುಹೋಗಬಹುದು, ಸ್ಟೆತಸ್ಕೋಪ್ ಕಳೆದುಹೋಗಬಹುದು, ಆಡಿಟ್‌ಗೆ ಬೇಕಾದೀತೆಂಬ ಭಯಕ್ಕೆ ರಿಜಿಸ್ಟರನ್ನು ಮಾತ್ರ ಯಾರೂ ಎಸೆಯುವುದಿಲ್ಲ.